ಬಿಸಿ ಚೆಂಡು

ಸ್ಕ್ವಾಷ್ ಚೆಂಡು ಬಿಸಿಯೇರುವಾಗ ಬರುವ ರಬ್ಬರಿನ ವಾಸನೆಗೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ವೆಲ್ಲಿಂಗ್ಟನ್ ಎಂಬ ಬೆಟ್ಟದೂರಿನ ಕ್ಲಬ್ಬೊಂದರಲ್ಲಿ ಅಪ್ಪ ಮಾರ್ಕರ್ ಆಗಿದ್ದ. ಕೋರ್ಟ್ ಒರೆಸುವುದು, ಪಾಯಿಂಟ್ ಕೂಗುವುದು ಅವನ ಕೆಲಸ. ಅಲ್ಲಿಯ ಚಳಿಗೆ ತಣ್ಣಗಿನ ಚೆಂಡು ಪುಟಿಯುವುದೇ ಇಲ್ಲ. ಕ್ಲಬ್ಬು ನಡೆಸುವ ಸಾಹೇಬರ ಮಗಳು ಬರುವ ಮುಂಚೆ ಅದನ್ನು ಗೋಡೆಗೆ ಹೊಡೆದು ಹೊಡೆದು ಬಿಸಿ ಮಾಡಿಡುವುದು ನನ್ನ ಪಾಲಿನದು. ಹಾಗೆ ಹೊಡೆಯುತ್ತಲೇ ನಾನು ಆಟ ಕಲಿತಿದ್ದೆ.

ಒಂದು ಮಧ್ಯಾಹ್ನ ಅವಳ ಗೆಳತಿ ಬರಲಿಲ್ಲ. ಆಡಲು ನನ್ನನ್ನೇ ಕರೆದಳು. ಮೇಲೆ ಗ್ಯಾಲರಿಯಲ್ಲಿ ಸಾಹೇಬರು ಟೀ ಕುಡಿಯುತ್ತ ಕೂತಿದ್ದರು. ಕೊನೆಗೆ ಇಬ್ಬರಿಗೂ ಗೆಲ್ಲಲು ಒಂದೇ ಪಾಯಿಂಟ್ ಸಾಕಿತ್ತು. ನಾನು ಮೂಲೆಗೆ ಮೆತ್ತಗೆ ತಳ್ಳಿದ ಚೆಂಡು ಗೋಡೆಗೆ ತಾಗಿ ಅಲ್ಲೇ ಬಿತ್ತು. ಅವಳು ಓಡಲೂ ಇಲ್ಲ.

"ಡೌನ್!" ಅಂತ ಅಪ್ಪ ಕೂಗಿದ. ಗೋಡೆಯ ಬುಡದ ತಗಡಿಗೆ ಬಡಿದ ಚೆಂಡಿಗೆ ಮಾತ್ರ ಹಾಗೆ ಕೂಗುವುದು; ಆಗ ಪಾಯಿಂಟ್ ಎದುರಾಳಿಗೆ. ಬಡಿದಿದ್ದರೆ ಇಡೀ ಕೋರ್ಟಿಗೆ ಡಣ್ ಎಂದು ಕೇಳಬೇಕಿತ್ತು. ಸಾಹೇಬರು ಮಗಳಿಗೆ ಚಪ್ಪಾಳೆ ತಟ್ಟಿದರು.

ಮನೆಯ ದಾರಿಯಲ್ಲಿ, "ತಗಡು ಸದ್ದೇ ಮಾಡ್ಲಿಲ್ವಲ್ಲಪ್ಪಾ?" ಅಂದೆ.

ಅಪ್ಪ ತಿರುಗಿ ನೋಡಲಿಲ್ಲ.

"ನಾಳೆ ಬೇಗ ಬಾ ಕೂಸೇ. ಚೆಂಡು ಸರಿಯಾಗಿ ಬಿಸಿ ಆಗಿರ್ಲಿಲ್ವಂತೆ, ಸಾಹೇಬ್ರು ಅಂದ್ರು."