ಸಾಲ್ವೆರಾದ ಶಾನುಭೋಗ

“ಆ ಹಳ್ಳಿಯಲ್ಲಿ ನಿಮಗೆ ಪರಿಚಯದವರು ಯಾರಾದರೂ ಇದ್ದಾರೆಯೇ, ಮಿಸ್ಟರ್ ಮುರಳೀಧರ?” ಎಂದು ಗಾಜಿನಾಚೆ ಕೂತಿದ್ದ ವೀಸಾ ಅಧಿಕಾರಿ ಕೇಳಿದ.

“ಎಲ್ಲರೂ!” ಎಂದೆ. ಪಕ್ಕದಲ್ಲಿದ್ದ ಹೆಂಡತಿ ಶೈಲಜಾ ನನ್ನ ತೊಡೆ ಚಿವುಟಿದಳು. ಅದು ಎಚ್ಚರಿಕೆ ಎಂದು ತಿಳಿಯುವಷ್ಟು ಬುದ್ಧಿ ನನಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ದೆಹಲಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಮೆಡಿಟರೇನಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿರುವ ಸಾಲ್ವೆರಾ ಎಂಬ ಹಳ್ಳಿಯ ಚರಿತ್ರೆಯನ್ನು ಹೌಜ್ ಖಾಸಿನ ಬಾಡಿಗೆ ಮನೆಯಲ್ಲಿ ಕೂತು ಬರೆದ ಮಹಾನುಭಾವ. ಅಲ್ಲಿನ ಚರ್ಚಿನ ಹಳೇ ಕಡತಗಳ ಜೆರಾಕ್ಸ್ ಓದಿ ಓದಿ ಕಣ್ಣು ಹಾಳಾಯಿತೇ ಹೊರತು ಆ ಊರನ್ನು ಕಣ್ಣಾರೆ ಕಂಡಿರಲಿಲ್ಲ. ಕಾಲೇಜಿನವರು ನನ್ನನ್ನು ‘ಸಾಲ್ವೆರಾದ ಪಟ್ವಾರಿ’ ಎಂದು ಹಂಗಿಸುತ್ತಿದ್ದರು. ಶೈಲಜಾ ಅದನ್ನು ಕನ್ನಡಕ್ಕೆ ತಂದು ‘ಶಾನುಭೋಗರು’ ಎನ್ನುತ್ತಿದ್ದಳು. ಈಗ ಆ ಊರಿನವರೇ ತಮ್ಮ ಸಂತನ ಹಬ್ಬಕ್ಕೆ ಬಂದು ತಮ್ಮ ಚರಿತ್ರೆಯನ್ನು ತಮಗೆ ಹೇಳಬೇಕೆಂದು ಕರೆದಿದ್ದರು. ಮುಂದಿನ ವರ್ಷ ನನಗೆ ನಿವೃತ್ತಿ. ಈ ಸಲ ತಪ್ಪಿದರೆ ಇನ್ನು ಹೋದ ಹಾಗೆಯೇ.

“ಎಲ್ಲರೂ ಎಂದರೆ?” ಅಧಿಕಾರಿ ಪೆನ್ನು ಕೈಗೆತ್ತಿಕೊಂಡ.

ಕೇಳುವವರೇ ಇಲ್ಲದ ವಿದ್ವಾಂಸನಿಗೆ ಇಷ್ಟು ಸಾಕಿತ್ತು. ಊರಿಗೆಲ್ಲ ಒಂದೇ ರೊಟ್ಟಿ ಒಲೆ ಇದ್ದದ್ದು, ಯಾವ ವಾರ ಯಾವ ಓಣಿಯವರ ಸರದಿ ಎಂಬುದು, ಕಡಲ್ಗಳ್ಳರ ಭಯಕ್ಕೆ ಒಂದು ಮನೆಗೂ ಸಮುದ್ರದ ಕಡೆ ಕಿಟಕಿ ಇಡದಿದ್ದದ್ದು, ಎಲ್ಲವನ್ನೂ ಹೇಳಿದೆ. ಚರ್ಚಿನ ಒಡೆದ ಗಂಟೆಯನ್ನು ಮಾರಿದ ಜಗಳದಲ್ಲಿ ಮೇಲಿನ ಓಣಿಗೂ ಕೆಳಗಿನ ಓಣಿಗೂ ಮಾತು ಬಿಟ್ಟುಹೋಗಿ, ಇವತ್ತಿಗೂ ಒಂದೇ ಹಬ್ಬಕ್ಕೆ ಎರಡು ಬ್ಯಾಂಡು ಬಾರಿಸುತ್ತಾರೆಂದೂ ತಿಳಿಸಿದೆ. ಅರ್ಧ ಊರು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ್ದನ್ನು ಹೇಳುವಾಗಲಂತೂ ಕನ್ನಡಕ ತೆಗೆದು ಒರೆಸಿಕೊಂಡೆ.

“ಹಾಗಾದರೆ ಬಹಳ ಮನೆಗಳು ಖಾಲಿ ಇರಬೇಕು.”

“ಬೇಕಾದಷ್ಟು! ಬಾವಿ ಪಕ್ಕದ ಮನೆಯ ಚಾವಣಿ ಇನ್ನೂ ಗಟ್ಟಿಯಾಗಿದೆ. ಕೀಲಿಕೈ ಪಾದ್ರಿಗಳ ಹತ್ತಿರ ಇರುತ್ತದೆ. ಕೇಳಿದರೆ ಕೊಡುತ್ತಾರೆ.”

ಅವನು ಬರೆದುಕೊಳ್ಳುತ್ತಲೇ ಇದ್ದ. ನನ್ನ ಪಿಎಚ್‌ಡಿ ಪರೀಕ್ಷಕರೂ ಇಷ್ಟು ಶ್ರದ್ಧೆ ತೋರಿಸಿರಲಿಲ್ಲ. ನಾನು ಪೂರಿಯಂತೆ ಉಬ್ಬಿದೆ.

“ಸಂತೋಷ. ಈಗ ಹೌಜ್ ಖಾಸ್ ಬಗ್ಗೆ ಹೇಳಿ. ನಿಮ್ಮ ನೆರೆಹೊರೆಯವರು ಯಾರು?”

ಇದು ಸಿಲಬಸ್ಸಿನಲ್ಲಿ ಇರಲಿಲ್ಲ. “ಎದುರುಮನೆಯಲ್ಲಿ ಒಬ್ಬರಿದ್ದಾರೆ. ಬಿಳಿ ಕಾರಿದೆ,” ಎಂದು ತಡಬಡಾಯಿಸಿದೆ. ಆ ಕಾಲಕ್ಕೆ ದೆಹಲಿಯಲ್ಲಿ ಯಾರಿಗೆ ಬಿಳಿ ಕಾರಿರಲಿಲ್ಲ?

“ಯಾವುದಾದರೂ ಸಂಘ, ಕೂಟ?”

“ಸಮಯ ಸಿಗುವುದಿಲ್ಲ.”

“ಸ್ವಂತ ಮನೆ ಇಲ್ಲ, ಮಕ್ಕಳಿಲ್ಲ, ನೌಕರಿಯೂ ಮುಗಿಯುತ್ತ ಬಂದಿದೆ. ಮತ್ತೆ ನೀವು ಹಿಂದಿರುಗಿ ಬರಲು ಏನು ಕಾರಣ?”

ಎಷ್ಟು ಯೋಚಿಸಿದರೂ ಒಂದೇ ಹೊಳೆಯಿತು. “ಲೈಬ್ರರಿ ಪುಸ್ತಕ ವಾಪಸು ಕೊಡಬೇಕು,” ಎಂದೆ.

ಅವನು ಶೈಲಜಾ ಕಡೆ ತಿರುಗಿದ. “ಮೇಡಂ, ಸಾಲ್ವೆರಾ ಬಗ್ಗೆ ನಿಮಗೇನು ಗೊತ್ತು?”

“ಏನೂ ಗೊತ್ತಿಲ್ಲ,” ಎಂದು ಅವಳು ಹಿಂದಿ, ಇಂಗ್ಲಿಷ್ ಎರಡನ್ನೂ ಕಲಸಿ ಶುರುಮಾಡಿದಳು. “ಮದುವೆಯಾದಾಗಿನಿಂದ ಕೇಳ್ತಾನೇ ಇದೀನಿ, ಒಂದೂ ತಲೇಲಿ ನಿಂತಿಲ್ಲ. ಬೇಗ ವಾಪಸ್ ಬರೋ ಹಾಗೆ ವೀಸಾ ಕೊಡಿ, ಸಾಕು. ಹೆಪ್ಪು ಎದುರುಮನೆ ಚಡ್ಡಾ ಅವರ ಫ್ರಿಜ್ಜಲ್ಲಿ ಇಟ್ಟು ಬರ್ತೀನಿ. ತುಂಬಾ ದಿನ ಆದ್ರೆ ಅವರು ಅದನ್ನೂ ಲಸ್ಸಿ ಮಾಡಿ ಕುಡಿದುಬಿಡ್ತಾರೆ. ಇಸ್ತ್ರಿ ಭಯ್ಯಾನ ಮಗಳ ನಿಶ್ಚಿತಾರ್ಥ ಇದೆ, ಸೀರೆ ನಾನೇ ಆರಿಸಬೇಕಂತೆ. ದಸರೆಗೆ ಗೊಂಬೆ ಕೂರಿಸಿದ್ರೆ ಇಡೀ ಗಲ್ಲಿ ಬರತ್ತೆ. ನಾನಿಲ್ದೇ ಇದ್ರೆ ಹೇಗೆ?”

ಎದುರುಮನೆಯವರ ಹೆಸರು ಚಡ್ಡಾ ಎಂದು ನನಗೆ ತಿಳಿದದ್ದು ಆಗಲೇ. ಅಧಿಕಾರಿ ಅವಳ ಒಂದು ಮಾತನ್ನೂ ಬರೆದುಕೊಳ್ಳಲಿಲ್ಲ. ಸುಮ್ಮನೆ ನಕ್ಕ.

ಮಧ್ಯಾಹ್ನ ಪಾಸ್‌ಪೋರ್ಟುಗಳು ಕೈಗೆ ಬಂದವು. ಶೈಲಜಾಳದರಲ್ಲಿ ವೀಸಾ ಇತ್ತು. ನನ್ನದರಲ್ಲಿ ಒಂದು ಚೀಟಿ: ‘ಇವರು ಆ ಹಳ್ಳಿಯಿಂದ ಹಿಂದಿರುಗುತ್ತಾರೆಂದು ನಂಬಲು ಆಧಾರ ಸಾಲದು.’ ರಾಯಭಾರ ಕಚೇರಿಯ ಹೊರಗೆ, ಚಾಣಕ್ಯಪುರಿಯ ಫುಟ್‌ಪಾತಿನ ಮೇಲೆ ನಿಂತು ಅದನ್ನು ಮತ್ತೆ ಮತ್ತೆ ಓದಿದೆ. ಸುಳ್ಳೇಕೆ ಹೇಳಲಿ, ಅಳು ಬಂತು. ಅಳುವಿನ ಜೊತೆಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚೂ ಬಂತು.

“ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನೀವು ಉಪಕಾರಿಯಾದ ಊರೋ, ಏಳು ಸಮುದ್ರದಾಚೆ ಇದೆ,” ಎನ್ನುತ್ತ ಶೈಲಜಾ ಕರ್ಚೀಫು ಕೊಟ್ಟಳು. “ಅಳಬೇಡಿ. ನಾನೂ ಹೋಗಲ್ಲ ಬಿಡಿ.”

“ಇಲ್ಲ, ನೀನು ಹೋಗು. ಭಾಷಣ ನೀನೇ ಓದು. ಅವರು ಕಾಯ್ತಾ ಇರ್ತಾರೆ,” ಎಂದೆ. ಇದನ್ನು ತ್ಯಾಗ ಎಂದುಕೊಳ್ಳಬೇಡಿ. ಬರೆದಿಟ್ಟ ಭಾಷಣ ದಂಡವಾಗುವುದನ್ನು ಯಾವ ಮೇಷ್ಟ್ರೂ ಸಹಿಸಲಾರರು.

ಮೆಟ್ರೊಗಾಗಿ ಅಗೆದಿದ್ದ ರಸ್ತೆಯಲ್ಲಿ ಕುಲುಕುತ್ತ ಆಟೋ ಮನೆ ಮುಟ್ಟಿದಾಗ ಗೇಟಿನ ಹತ್ತಿರ ಒಂದಷ್ಟು ಜನ ಕಾಯುತ್ತಿದ್ದರು. ನನಗೆ ಯಾರ ಗುರುತೂ ಸಿಗಲಿಲ್ಲ. ಶೈಲಜಾ ಇಳಿಯುತ್ತಲೇ ಅವಳನ್ನು ಸುತ್ತುವರಿದು ಸುದ್ದಿ ಕೇಳಿದರು, ಅವಳು ಹೇಳಿದಳು. ಎಲ್ಲರೂ ನನ್ನತ್ತ ಮರುಕದಿಂದ ನೋಡಿದರು. ವಯಸ್ಸಾದ ಒಬ್ಬ ಪಂಜಾಬಿ ಹೆಂಗಸು ಮುಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಚಿಂತೆ ಮಾಡಬೇಡ ಬೇಟಾ. ಅವಳು ಬರೋವರೆಗೆ ನಿನ್ನ ಊಟ ತಿಂಡಿ ಎಲ್ಲಾ ನಮ್ಮದು. ಇಷ್ಟು ವರ್ಷದಿಂದ ಇಲ್ಲೇ ಇದ್ದೀಯ, ನೀನೇನು ಹೊರಗಿನವನೇ?” ಎಂದಳು ಹಿಂದಿಯಲ್ಲಿ. ಆಮೇಲೆ ಕೊಂಚ ಸಂಕೋಚದಿಂದ ಕೇಳಿದಳು, “ಅಂದ ಹಾಗೆ, ನಿನ್ನ ಹೆಸರೇನು?”