ಅಂಗೈ ಅಳತೆಯ ಚಾಕು

ಔಷಧಿ ತರುತ್ತೇನೆ ಎಂದು ಗಂಡನಿಗೆ ಸುಳ್ಳು ಹೇಳಿ ಹೊರಬಿದ್ದವಳು ನೇರವಾಗಿ ಚಾಕುವಿನ ಅಂಗಡಿಗೆ ಹೋದಳು. ಬಾಗಿಲಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡಿದಳು. ಗುರುತಿನವರು ಯಾರೂ ಇರಲಿಲ್ಲ.

"ಅಡುಗೆಮನೆಗಾ?" ಅಂಗಡಿಯವರು ಕೇಳಿದರು.

"ಅಲ್ಲ, ಮರ ಕೆತ್ತೋಕೆ. ಮನೇಲಿ ಗೊತ್ತಾಗಬಾರದು."

ಕೊನೆಯ ಮಾತು ಬೇಡವಾಗಿತ್ತು. ಅಂಗಡಿಯವರು ಹುಬ್ಬೇರಿಸಿದರು. ಆದರೆ ಬಂದ ವ್ಯಾಪಾರ ಬಿಡುವ ಪೈಕಿಯವರಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ ಚಾಕುಗಳನ್ನು ಸಾಲಾಗಿಟ್ಟರು.

ಥಳಥಳ ಹೊಳೆಯುವವುಗಳನ್ನು ಅವಳು ಮೊದಲೇ ಸರಿಸಿದಳು. ಉದ್ದ ಅಲಗಿನವೂ ಬೇಡವಾದವು. ಅಲಗು ಉದ್ದವಾದಷ್ಟೂ ತುದಿ ಹೇಳಿದ ಮಾತು ಕೇಳುವುದಿಲ್ಲ. ಉಳಿದವುಗಳಲ್ಲಿ ಅಲಗು ಹಿಡಿಯೊಳಗೆ ಅಲ್ಲಾಡುತ್ತದೆಯೇ ಎಂದು ನೋಡಿದಳು. ಮೆದು ಮರದ ತುಂಡೊಂದನ್ನು ಎಳೆಗೆ ಅಡ್ಡವಾಗಿ ಕೊಯ್ದು, ಕೊಯ್ದ ಜಾಗವನ್ನು ಬೆಳಕಿಗೆ ಹಿಡಿದಳು. ಮರ ಹರಿದಿತ್ತು, ಕೊಯ್ದಂತಿರಲಿಲ್ಲ. ಇನ್ನೊಂದು ಚಾಕು ತೆಗೆದುಕೊಂಡಳು.

"ಪಳಗಿದ ಕೈ ನಿಮ್ಮದು."

"ಎಲ್ಲಿಯ ಪಳಗಿದ್ದು. ಮೂರು ತಿಂಗಳಾಯ್ತು, ಅಷ್ಟೇ."

ಮೂರು ತಿಂಗಳ ಹಿಂದೆ ಉಳಿ ಜಾರಿ ಗಂಡನ ಬಲಗೈಗೆ ಪೆಟ್ಟಾಗಿತ್ತು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಕನ್ನಡಿ ಚೌಕಟ್ಟುಗಳಿಗೆ ಬಳ್ಳಿ ಕೆತ್ತುವುದರಲ್ಲಿ ಊರಿಗೇ ಹೆಸರಾದವನು ಕೈಯನ್ನು ಜೋಲಿಗೆ ಹಾಕಿಕೊಂಡು ಕುಳಿತುಬಿಟ್ಟ. ಒಪ್ಪಿಕೊಂಡ ಕೆಲಸ ಬಾಕಿಯಿತ್ತು. ಅವನ ಬಳ್ಳಿಗಳಿಗೆಲ್ಲ ಚಿತ್ರ ಬರೆದುಕೊಡುತ್ತಿದ್ದವಳು ಅವಳೇ. ಈಗ ಅವನ ಚಾಕುವನ್ನೂ ಹಿಡಿದಳು. ಅವನು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟ. ತುತ್ತು ಉಣಿಸುವುದು, ಅಂಗಿಯ ಗುಂಡಿ ಹಾಕುವುದು ಎಲ್ಲವೂ ಅವಳ ಪಾಲಿಗೆ ಬಂತು. ಡಾಕ್ಟರ ಬಳಿಗೆ ಮಾತ್ರ ಅವನೊಬ್ಬನೇ ಹೋಗಿಬರುತ್ತಿದ್ದ. "ನೀನೂ ಬಂದ್ರೆ ಕೆಲಸ ನಿಂತುಹೋಗುತ್ತೆ" ಎನ್ನುತ್ತಿದ್ದ.

ಕೈಗೆ ಪೆಟ್ಟಾದ ವಾರವೇ ಅವಳಿಗೆ ದೂರದ ಊರಿನ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ವರ್ಷಗಟ್ಟಲೆ ಚಪ್ಪಲಿ ಸವೆಸಿದ ಮೇಲೆ ಸಿಕ್ಕಿದ ಕೆಲಸ. ಶಾಲೆಯವರು ಇಷ್ಟು ದಿನ ಕಾದದ್ದೇ ಹೆಚ್ಚು. ಬರುತ್ತೀರೋ ಇಲ್ಲವೋ, ಇವತ್ತೇ ಹೇಳಿಬಿಡಿ ಎಂದಿದ್ದರು. "ಹೋಗು, ನನ್ನ ಪಾಡು ಹೇಗೋ ಆಗುತ್ತೆ" ಎಂದಿದ್ದ ಗಂಡ, ಎಡಗೈಯಲ್ಲಿ ಚಮಚ ಹಿಡಿಯಲು ಒದ್ದಾಡುತ್ತ. ಅದನ್ನು ನೋಡಿಕೊಂಡು ಯಾವ ಹೆಂಡತಿ ಪೆಟ್ಟಿಗೆ ಕಟ್ಟುತ್ತಾಳೆ?

ಅವನ ಚಾಕುವಿನ ಹಿಡಿ ಅವಳಿಗೆ ದಪ್ಪ. ಅಂಗೈ ತುಂಬ ಬೊಬ್ಬೆ. ಹಾಗೆಂದು ತನಗೇ ಒಂದು ಬೇರೆ ಚಾಕು ಕೊಂಡರೆ, ನಿನ್ನ ಕೈ ಇನ್ನು ಬರುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿದಂತೆ. ಅದು ಅವಳಿಗೆ ದ್ರೋಹದಂತೆಯೇ ಕಂಡಿತ್ತು. ಅದಕ್ಕೇ ಈ ಕಳ್ಳತನ. ಕೈಗೆ ಒಪ್ಪುವ ಚಾಕು ಸಿಕ್ಕರೆ ಇರುವುದು, ಸಿಗದಿದ್ದರೆ ಹೋಗುವುದು ಎಂದು ದಾರಿಯುದ್ದಕ್ಕೂ ತನ್ನೊಂದಿಗೇ ಪಂದ್ಯ ಕಟ್ಟಿಕೊಂಡು ಬಂದಿದ್ದಳು.

"ನಮ್ಮನೆಯವರ ಚಾಕುವಿನಂಥ ಉಕ್ಕು ಇದ್ಯಾ ನೋಡಿ," ಎಂದಳು. "ನಾನು ಒಂದು ದಿನಾನೂ ಸಾಣೆ ಹಿಡಿದಿಲ್ಲ. ಬೆಳಿಗ್ಗೆ ತಗೊಂಡ್ರೆ ಹೊಸದರ ಹಾಗೇ ಇರುತ್ತೆ."

"ಅಂಥ ಉಕ್ಕು ಎಲ್ಲಿ ಸಿಗುತ್ತೆ ನನಗೂ ಹೇಳಿ. ಸಾಣೆಕಲ್ಲು ಮಾರೋದು ನಿಲ್ಲಿಸ್ತೀನಿ."

ಇಬ್ಬರೂ ನಕ್ಕರು. ನಗುತ್ತಲೇ ಅವಳು ಮೇಜಿನ ಆ ಬದಿಯ ತಟ್ಟೆಯಲ್ಲಿದ್ದ ಚಾಕುವೊಂದಕ್ಕೆ ಕೈ ಹಾಕಿದಳು. ಗಿಡ್ಡ ಅಲಗು, ಸಣ್ಣ ಹಿಡಿ. ಮುಷ್ಟಿ ಮುಚ್ಚಿದರೆ ಚಾಕು ಹಿಡಿದಿದ್ದೇ ಗೊತ್ತಾಗಲಿಲ್ಲ. ಮರವನ್ನು ಕೊಯ್ದಳು. ಕೊಯ್ದ ಜಾಗ ನುಣುಪಾಗಿ ಮಿಂಚಿತು.

"ಇದೇ ಇರಲಿ."

"ಅದು ಮಾರಾಟಕ್ಕಿಲ್ಲಮ್ಮ. ಒಬ್ಬರು ಹೆಂಡತಿಗೆ ಅಂತ ಅಳತೆ ಕೊಟ್ಟು ಹಿಡಿ ಹಾಕಿಸಿದ್ದಾರೆ. ಇನ್ನೊಮ್ಮೆ ಸಾಣೆ ಹಿಡಿದಿಡಿ ಅಂದಿದ್ದಾರೆ, ನಾಳೆ ಬಂದು ಒಯ್ತಾರೆ." ಬೇಕಾದರೆ ನೋಡಿ ಎಂಬಂತೆ ಅವರು ಅಳತೆಯ ಕಾಗದ ಬಿಚ್ಚಿದರು.

ಕಾಗದದ ಮೇಲೆ ಅಂಕುಡೊಂಕು ಗೆರೆಯಲ್ಲಿ ಒಂದು ಅಂಗೈ. ಕಿರುಬೆರಳು ಒಳಕ್ಕೆ ಬಾಗಿತ್ತು. ಅವಳು ತನ್ನ ಬಲ ಅಂಗೈಯನ್ನು ಅದರ ಮೇಲಿಟ್ಟಳು. ಸೊಟ್ಟ ಕಿರುಬೆರಳ ಸಮೇತ ಸರಿಯಾಗಿ ಕೂತಿತು. ಹೋದ ವಾರ ಗಂಡ ಅವಳ ಕೈಯನ್ನು ಕಾಗದದ ಮೇಲಿಟ್ಟು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆದಿದ್ದ. "ಎಷ್ಟು ಸೊರಗಿದೆ ನೋಡು" ಎಂದಿದ್ದ. ಮಕ್ಕಳಾಟ ಎಂದುಕೊಂಡಿದ್ದಳು.

ಅಂಗಡಿಯವರಿಗೆ ಅರ್ಥವಾಯಿತು. "ನೀವೇನಾ? ನಾನು ಬಾಯಿಬಿಟ್ಟೆ ಅಂತ ಹೇಳಬೇಡಿ, ಪಾಪ."

ಅವಳಿಗೆ ಅಳು ತಡೆಯಲಾಗಲಿಲ್ಲ. ತಾನು ಕದ್ದುಮುಚ್ಚಿ ಕೊಳ್ಳಲು ಬಂದದ್ದನ್ನು ಅವನು ಆಗಲೇ ಮನಸಾರೆ ಮಾಡಿಸಿಟ್ಟಿದ್ದ. ಇಂಥವನನ್ನು ಬಿಟ್ಟುಹೋಗುವ ಯೋಚನೆಯಾದರೂ ಹೇಗೆ ಬಂತು? ಬಾಗಿಲಾಚೆ ಸರಿದು ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದಳು.

"ಕ್ಷಮಿಸಿ ಮೇಡಂ, ಬರೋಕಾಗಲ್ಲ. ನಮ್ಮನೆಯವರಿಗೆ ಕೈ ಸರಿಯಿಲ್ಲ."

"ಇನ್ನೊಬ್ಬರು ಕಾಯ್ತಿದ್ದಾರೆ. ಈಗಲೇ ಕರೆದುಬಿಡ್ತೀನಿ. ಆಮೇಲೆ ಬೇಕು ಅಂದ್ರೆ ಸಿಗಲ್ಲ."

"ಕರೀರಿ ಮೇಡಂ."

ಫೋನ್ ಇಟ್ಟು ಮೇಜಿನ ಬಳಿ ಬಂದಾಗ ಎದೆ ಹಗುರವಾಗಿತ್ತು. ಅಂಗಡಿಯವರು ಕಾಗದ ಮಡಿಸುತ್ತ ಮಾತಿಗೆ ಕುಳಿತರು. "ಭಾರೀ ಮನುಷ್ಯ ನಿಮ್ಮ ಯಜಮಾನರು. ನಿನ್ನೆ ಬಂದು, ಕೆತ್ತಿ ನೋಡದೆ ಒಪ್ಪಲ್ಲ ಅಂದ್ರು. ಮಾತಾಡ್ತಾ ಮಾತಾಡ್ತಾ ಇದನ್ನ ಕೆತ್ತಿ ಬಿಸಾಕಿದ್ರು. 'ಇನ್ನು ಅವಳು ಎಲ್ಲೂ ಹೋಗಲ್ಲ' ಅಂತ ನಗ್ತಾ ಇದ್ರು."

ಅವರು ಮುಂದಿಟ್ಟದ್ದು ಮರದ ಒಂದು ಎಲೆ. ತೆಳುವಾದ ನರಗಳು, ಒಳಕ್ಕೆ ಸುರುಳಿ ಸುತ್ತಿದ ತುದಿ. ಆ ಸುರುಳಿ ಊರಲ್ಲಿ ಒಬ್ಬನಿಗೇ ಬರುತ್ತಿತ್ತು. ಅವಳು ಆ ಸುರುಳಿಯನ್ನು ಬೆರಳಿಂದ ಸವರಿದಳು. ಆದರೂ ನಂಬಿಕೆಯ ಕೊನೆಯ ಎಳೆಯೊಂದನ್ನು ಹಿಡಿದು ಕೇಳಿದಳು:

"ಎಡಗೈಲಿ ಕೆತ್ತಿದ್ರಾ?"

"ಎಡಗೈಲಿ ಮರದ ತುಂಡು ಹಿಡ್ಕೊಂಡಿದ್ರಲ್ಲಮ್ಮ."