ಅಡುಗೆಮನೆ ಗೋಡೆಯ ಕಿವಿ

ಸರ್ವಮಂಗಳಮ್ಮನವರ ಮನೆಯ ಗೋಡೆಗಳು ಹಗಲೆಲ್ಲ ಕೇಳಿದ್ದನ್ನು ಸಂಜೆ ಕಾಫಿಯ ಹೊತ್ತಿಗೆ ಅವರಿಗೆ ಒಪ್ಪಿಸುತ್ತಿದ್ದವು. ಸೊಸೆ ಬಂದ ಮೇಲೆ ಅಡುಗೆಮನೆ ಗೋಡೆ ಮಾತ್ರ ಏನು ವಿಚಾರಿಸಿದರೂ "ಆಂ?" ಎನ್ನತೊಡಗಿತು.

ಕಿವಿ ಕೇಳಿಸುತ್ತದೋ ಇಲ್ಲವೋ ನೋಡುವ ಎಂ.ಎಸ್ಸಿ. ಆಡಿಯಾಲಜಿ ಓದುತ್ತಿದ್ದ ಪಕ್ಕದ ಮನೆಯ ಇಂಚರಾ ಅದನ್ನು ಪರೀಕ್ಷಿಸಲು ಬಂದಳು. ಗೋಡೆಯ ಕಿವಿಗೆ ಹೆಡ್‌ಫೋನ್ ಹಾಕಿ ಎಷ್ಟು ಬೀಪ್ ಕೇಳಿಸಿದರೂ ಉತ್ತರವಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದು ಪಿಸುಗುಟ್ಟಿದಳು: "ನಿನ್ನ ಕೆಡವಿ ಓಪನ್ ಕಿಚನ್ ಮಾಡ್ತಾರಂತೆ."

ಸುಣ್ಣ ಉದುರಿತು.

"ಜಾಣಕಿವುಡು, ಅಲ್ವಾ?"

"ಏನ್ಮಾಡ್ಲಮ್ಮ," ಎಂದಿತು ಗೋಡೆ ಮೆಲ್ಲಗೆ. "ಸೊಸೆ ಒಗ್ಗರಣೆ ಹಾಕ್ತಾ ಅತ್ತೇನ ಬೈಕೊಳ್ಳೋದನ್ನೆಲ್ಲ ಹೇಳಿದ್ರೆ ಮನೆ ಒಡೆಯುತ್ತೆ."

ಅಷ್ಟರಲ್ಲಿ ಸರ್ವಮಂಗಳಮ್ಮ ಒಳಗೆ ಬಂದರು. "ಗೋಡೆ ಏನೋ ಅಂದಂಗಾಯ್ತಲ್ಲ, ಏನಂತಮ್ಮ?"

ಇಂಚರಾ ಹೆಡ್‌ಫೋನಿನ ವೈರು ಸುತ್ತುತ್ತ ತಲೆಯೆತ್ತಿದಳು.

"ಆಂ?"